ಬಾಣಂತಿ ಕೋಣೆಯ ರೇಡಿಯೇಟರ್

ಮೂವತ್ತು ವರ್ಷ ಮೈಸೂರಿನಲ್ಲಿ ಮನೆಮನೆಗೆ ಹೋಗಿ ಬಾಣಂತನ ಮಾಡಿದವಳು ನಾನು. ಓದಿದ್ದು ಎರಡನೇ ಕ್ಲಾಸು. ಅಂಕಿ ಗೊತ್ತು, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಹೋದ ವರ್ಷ ಜನವರಿಯಲ್ಲಿ ತಂಗಿಯ ಮಗಳು ಸಹನಾಳ ಬಾಣಂತನಕ್ಕೆಂದು ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ಗೆ ಹೋದೆ. ತಂಗಿಗೆ ಮಂಡಿ ಆಪರೇಶನ್ ಆಗಿತ್ತು.

ಅಲ್ಲಿ ಹಂಡೆ ಒಲೆ ಇಲ್ಲ. ಅಟ್ಟದ ಗೋಡೆಯಲ್ಲಿರುವ ಬಾಯ್ಲರ್ ನೀರು ಕಾಯಿಸುತ್ತದೆ. ಆ ನೀರು ಪೈಪಿನಲ್ಲಿ ಪ್ರತಿ ಕೋಣೆಯ ರೇಡಿಯೇಟರ್‌ಗೆ ಹೋಗಿ, ಮನೆ ಬೆಚ್ಚಗೆ ಮಾಡಿ, ಮತ್ತೆ ಬಾಯ್ಲರ್‌ಗೇ ಬರುತ್ತದೆ. ಇದು ನನಗೆ ಆಮೇಲೆ ಗೊತ್ತಾದದ್ದು.

ಬಾಣಂತಿ ಕೋಣೆಯ ರೇಡಿಯೇಟರ್ ಗೊಳಗೊಳ ಎನ್ನುತ್ತಿತ್ತು, ಮಗು ಬೆಚ್ಚಿ ಏಳುತ್ತಿತ್ತು. ಸಹನಾಳ ಗಂಡ ಕಾರ್ತಿಕ್ ಒಮ್ಮೆ ನಡುಮನೆಯ ರೇಡಿಯೇಟರ್‌ಗೆ ಪುಟ್ಟ ಕೀಲಿ ಹಾಕಿ ತಿರುಗಿಸಿ ಗಾಳಿ ಬಿಟ್ಟದ್ದನ್ನು ನೋಡಿದ್ದೆ. ನಾನೂ ತಿರುಗಿಸಿದೆ. ಬುಸ್ ಅಂತ ಗಾಳಿ, ಹಿಂದೆಯೇ ಕಪ್ಪು ನೀರು. ಹಳೇ ನೀರು ಹಂಡೆಯಲ್ಲಿ ಉಳಿಯಬಾರದು ಎಂಬುದು ನನ್ನ ಕಸುಬಿನ ರೂಢಿ. ನಾಲ್ಕು ದಿನ, ದಿನಕ್ಕೊಂದು ಚೆಂಬು ತೆಗೆದು ಚೆಲ್ಲಿದೆ.

ಮಗುವಿಗೆ ಏಳು ದಿನವಾದ ಬೆಳಿಗ್ಗೆ ಬಾಯ್ಲರ್ ನಿಂತು ಮನೆ ತಣ್ಣಗಾಗಿತ್ತು. ಮನೆಗೆ ಬರುವ ನರ್ಸ್ ಮಗುವಿನ ಮೈಬಿಸಿ ಅಳೆದಳು: 36.2 ಡಿಗ್ರಿ, ಇರಬೇಕಾದ್ದಕ್ಕಿಂತ ಕಡಿಮೆ. ತಗಡಿನ ಬಾಟಲಿಗೆ ಬಿಸಿನೀರು ತುಂಬಿ ತೊಟ್ಟಿಲಲ್ಲಿಟ್ಟು, ಮಧ್ಯಾಹ್ನದೊಳಗೆ ಮೈ ಬಿಸಿಯಾಗದಿದ್ದರೆ ಆಸ್ಪತ್ರೆಗೆ ಎಂದಳು. ಸಹನಾ ಅಳಲು ಶುರು ಮಾಡಿದಳು.

ಕಾರ್ತಿಕ್ ಜೊತೆ ನಾನೂ ಅಟ್ಟ ಹತ್ತಿದೆ. ಬಾಯ್ಲರ್ ಮೇಲಿನ ಪ್ರೆಶರ್ ಗೇಜ್‌ನ ಮುಳ್ಳು ಒಂದು, ಎರಡರ ನಡುವೆ ಇರಬೇಕಂತೆ. ಅದು ಒಂದಕ್ಕಿಂತ ಕೆಳಗೆ, ಅರ್ಧಕ್ಕೆ ಇಳಿದಿತ್ತು; ಒಳಗೆ ನೀರು ಕಡಿಮೆ ಅಂತ ಅರ್ಥವಂತೆ. ಕಾರ್ತಿಕ್ ರಿಪೇರಿಯವನಿಗೆ ಫೋನ್ ಮಾಡಿದ.

"ಯಾರಾದ್ರೂ ರೇಡಿಯೇಟರ್ ನೀರು ಬಿಟ್ರಾ ಅಂತ ಕೇಳ್ತಿದಾನೆ. ಬಿಟ್ಟಿದ್ರೆ ನಾವೇ ತುಂಬಿಸ್ಬೋದಂತೆ. ಇಲ್ಲಾಂದ್ರೆ ಎಲ್ಲೋ ಲೀಕ್, ಮುಟ್ಬೇಡಿ, ನಾಡಿದ್ದು ಬರ್ತೀನಿ ಅಂತಾನೆ," ಎಂದ. ನನ್ನ ಉತ್ತರಕ್ಕೂ ಕಾಯದೆ ಫೋನಿಗೆ "ನೋ, ನೋಬಡಿ" ಎಂದುಬಿಟ್ಟ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೆರಗಿನಿಂದ ಗೇಜ್ ಗಾಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ನಾನೇ ಬಿಟ್ಟಿದ್ದು ಕಣಪ್ಪಾ. ನಾಲ್ಕು ಚೆಂಬು."

"ದೊಡ್ಡಮ್ಮಾ! ನೀವಾ?"

"ಆಮೇಲೆ ಬೈಯುವಂತೆ. ಮೊದ್ಲು ಅವನಿಗೆ ಹೇಳು."

ಹೇಳಿದ. ಆಚೆಯಿಂದ ನಗು ಕೇಳಿತು. "ಎಲ್ಲಾ ಮನೇಲೂ ಯಾರೂ ಮುಟ್ಟಿಲ್ಲ ಅಂತಾರಂತೆ. ಒಪ್ಕೊಂಡೋರು ನೀವೊಬ್ರೇ ಅಂತೆ."

ಅವನು ಫೋನಿನಲ್ಲಿ ಹೇಳಿಕೊಟ್ಟಂತೆ ಬಾಯ್ಲರ್ ಸ್ವಿಚ್ ಆಫ್ ಮಾಡಿದೆವು. ಪಕ್ಕದ ನಲ್ಲಿಗೆ ಸಣ್ಣ ಹೋಸ್ ಪೈಪು ಹಾಕಿ, ಒಳಗಿನ ಗಾಳಿ ಹೋಗಲೆಂದು ಮೊದಲು ಅದರಲ್ಲೇ ನೀರು ತುಂಬಿಸಿ, ಆಮೇಲೆ ಬಾಯ್ಲರ್‌ಗೆ ಬಿಗಿದೆವು. ಕಾರ್ತಿಕ್ ನಲ್ಲಿ ಹಿಡಿದ, ನಾನು ಮುಳ್ಳು ನೋಡುತ್ತ ನಿಂತೆ.

"ಒಂದು... ಒಂದೂವರೆ... ಸಾಕು, ನಿಲ್ಸೋ!"

ಕೋಣೆಗಳ ರೇಡಿಯೇಟರ್‌ಗಳಿಂದ ಗಾಳಿ ಬಿಟ್ಟಾಗ ಮುಳ್ಳು ಇಳಿಯಿತು. ಮತ್ತೆ ಒಂದೂವರೆಗೆ ಏರಿಸಿ ಸ್ವಿಚ್ ಹಾಕಿದೆವು. ಮಧ್ಯಾಹ್ನಕ್ಕೆ ಮಗುವಿನ ಮೈ 36.8. ಆಸ್ಪತ್ರೆ ತಪ್ಪಿತು. ಸಹನಾ ಎರಡು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅದು ನ್ಯಾಯವೇ.

ಮೂವತ್ತು ವರ್ಷ ಪ್ರತಿ ಬಾಣಂತಿಗೂ ನಾನು ಹೇಳಿದ್ದು ಒಂದೇ: ಕದ್ದು ಏನು ತಿಂದೆ ಹೇಳಿಬಿಡು, ಹೇಳದಿದ್ದರೆ ಮಗುವಿನ ಹೊಟ್ಟೆನೋವಿಗೆ ನಾನೇನು ಮಾಡಲಿ? ಅವರು ಬಾಯಿ ಬಿಡಲು ಯಾಕೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರೆಂದು ಆ ಅಟ್ಟದಲ್ಲಿ ತಿಳಿಯಿತು. ಈಗ ಬಾಣಂತಿಯನ್ನು ಕೇಳಿದ ಮೇಲೆ, ಅವಳು ಬಾಯಿ ಬಿಡುವವರೆಗೆ ಸ್ವಲ್ಪ ಕಾಯುತ್ತೇನೆ.