ಹೀಬ್ರೂ ಅಕ್ಷರದ ಕೆಳಗಿನ ಚುಕ್ಕಿಗಳು

ಅತ್ತಾವರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಪಾದ್ರಿ. ಯೌವನದಲ್ಲಿ ಹೀಬ್ರೂ ಕಲಿತು ಬೈಬಲಿನ ಹಳೆಯ ಒಡಂಬಡಿಕೆಯನ್ನು ಮೂಲದಲ್ಲೇ ಓದುತ್ತಿದ್ದವರು. ನಾನು ಹುಡುಗಿಯರ ಶಾಲೆಯಲ್ಲಿ ಕಾಗುಣಿತ ಕಲಿಸುತ್ತಿದ್ದ ಕಾಲಕ್ಕೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸುತ್ತಿದ್ದರು.

ಒಂದು ಸಂಜೆ ಹೋದಾಗ ಆ ಹೀಬ್ರೂ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಯಾರಿಗಾದರೂ ಕೊಟ್ಟುಬಿಡ್ತೇನೆ. ಇನ್ನು ನನಗೆ ಇದು ಎಂತಕ್ಕೆ?"

"ನನಗೆ ಕಲಿಸಿ. ನಾನು ಓದಿ ಹೇಳ್ತೇನೆ," ಎಂದೆ. ಪಾದ್ರಿಗಳಾಗುವ ಗಂಡಸರು ಮಾತ್ರ ಕಲಿಯುತ್ತಿದ್ದ ಆ ಲಿಪಿಯ ಮೇಲೆ ನನಗೆ ಮೊದಲಿನಿಂದಲೂ ಆಸೆ.

ಅವರು ನಕ್ಕರು. "ನನಗೆ ಕಾಣುವುದಿಲ್ಲ, ನಿನಗೆ ಗೊತ್ತಿಲ್ಲ. ಹೇಗೆ ಮಾರಾಯ್ತಿ?"

ಆದರೂ ಬಟ್ಟೆ ಬಿಚ್ಚಿದರು. ನನ್ನ ಸ್ಲೇಟಿನ ಮೇಲೆ ದೊಡ್ಡದಾಗಿ ಅಕ್ಷರ ಬರೆದರು. ಕೈಗೆ ಇನ್ನೂ ನೆನಪಿತ್ತು. ಮೂಲೆ ಚೂಪಾಗಿದ್ದರೆ ದ, ಉರುಟಾಗಿದ್ದರೆ ರ. ಅಕ್ಷರಗಳು ಹೇಗೋ ಬಂದವು. ತೊಡಕಾದದ್ದು ಸ್ವರಗಳು. ನಮ್ಮ ಕಾಗುಣಿತದಲ್ಲಿ ಸ್ವರ ಅಕ್ಷರದ ಮೈಗೇ ಅಂಟಿರುತ್ತದೆ. ಅಲ್ಲಿ ಅವು ಸಾಸಿವೆಗಿಂತ ಸಣ್ಣ ಚುಕ್ಕಿಗಳು, ಪುಟ್ಟ ಗೆರೆಗಳು, ಹೆಚ್ಚಿನವು ಅಕ್ಷರದ ಕೆಳಗೆ. ಅವನ್ನು ಅಳತೆಯಲ್ಲಿ ಇಡಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಪುಸ್ತಕದಲ್ಲಿ ಕಂಡದ್ದನ್ನು ನಾನು ವರ್ಣಿಸಬೇಕಾಯಿತು.

"ಕೆಳಗೆ ಎಂತ ಉಂಟು?"

"ಒಂದೇ ಚುಕ್ಕಿ."

"ಅದು ಇ. ಮುಂದೆ?"

"ಅಡ್ಡ ಗೆರೆ."

"ಅ."

ಒಂದು ದಿನ ಮೂರಕ್ಷರದ ಪದ ಸಿಕ್ಕಿತು. "ಮೊದಲಿನ ಎರಡಕ್ಕೂ ಮೂರು ಮೂರು ಚುಕ್ಕಿ, ಒಲೆಕಲ್ಲಿನ ಹಾಗೆ. ಕೊನೆಯ ಅಕ್ಷರದ ಹೊಟ್ಟೆಯಲ್ಲಿ ಎರಡು, ಒಂದರ ಮೇಲೊಂದು."

"ಒಲೆಕಲ್ಲು ಎಂದರೆ ಎ. ಹೊಟ್ಟೆಯಲ್ಲಿರುವುದಕ್ಕೆ ಸ್ವರವೇ ಇಲ್ಲ. ಈಗ ಕೂಡಿಸು."

"ಖ್... ಲೆ... ಮೆ."

"ಬಲದಿಂದ! ಬಲದಿಂದ ಹೋಗು!"

ಹೀಬ್ರೂ ಓದುವುದು ಬಲದಿಂದ ಎಡಕ್ಕೆ ಎಂಬುದೇ ಮರೆತಿತ್ತು; ನಾಚಿಕೆಯಾಯಿತು. ಬೆರಳನ್ನು ಬಲಗಡೆಗೆ ಒಯ್ದು ಮತ್ತೆ ಹೊರಟೆ. "ಮೆ... ಲೆ... ಖ್. ಮೆಲೆಖ್."

"ರಾಜ," ಎಂದರು ಅವರು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು. "ನೀನೀಗ ಓದಿದ್ದು ರಾಜ ಎಂದು."

ಮರುದಿನ ತರಗತಿಯಲ್ಲಿ ಮಕ್ಕಳು ಕ, ಕಾ, ಕಿ ಎಂದು ತಡವರಿಸುವಾಗ ನಾನು ಗದರಲಿಲ್ಲ. ಅವರ ಕಷ್ಟ ನನಗೆ ಹೊಸದಾಗಿ ತಿಳಿದಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಚುಕ್ಕಿಗಳನ್ನು ವರ್ಣಿಸುವುದು ತಾನಾಗಿ ನಿಂತುಹೋಯಿತು; ನೇರ ಓದುತ್ತಿದ್ದೆ, ತಪ್ಪಿದಲ್ಲಿ ಅವರು ಕೆಮ್ಮುತ್ತಿದ್ದರು. ಒಂದು ಮಧ್ಯಾಹ್ನ ಬಹಳ ಹೊತ್ತು ಕೆಮ್ಮು ಕೇಳಿಸಲಿಲ್ಲ. ನೋಡಿದರೆ ನಿದ್ದೆ ಹತ್ತಿತ್ತು. ನಾನು ನಿಲ್ಲಿಸಲಿಲ್ಲ. ಯಾರೂ ಹೇಳಿಕೊಡದ ಸಾಲುಗಳನ್ನು ಒಬ್ಬಳೇ, ಮೆಲುದನಿಯಲ್ಲಿ ಓದುತ್ತಾ ಹೋದೆ.

ಎಚ್ಚರವಾದಾಗ ಕೇಳಿದರು, "ಎಲ್ಲಿದ್ದಿ?"

"ಮುಂದಿನ ಪುಟದಲ್ಲಿ," ಎಂದೆ.