ಖಾಲಿ ಬಿಟ್ಟ ತಾರೀಖು

ತಿ. ನರಸೀಪುರದ ಕೋರ್ಟಿನ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಗೂ ಎಳನೀರಿನವನಿಗೂ ನಡುವೆ ಸಿಕ್ಕಿಕೊಂಡಿರುವ ಎಂಟಡಿ ಅಗಲದ ಮಳಿಗೆ ಮೂಗೂರಿನ ರುದ್ರಮ್ಮನವರದು. ಮೂವತ್ತೊಂದು ವರ್ಷದಿಂದ ಅಲ್ಲಿ ಕೂತು ಊರಿನವರ ಅರ್ಜಿ, ಅಫಿಡವಿಟ್ಟು, ತಕರಾರು ಎಲ್ಲವನ್ನೂ ಟೈಪ್ ಮಾಡುತ್ತಾ ಬಂದಿದ್ದಾರೆ. ನಮ್ಮ ವಕೀಲರಲ್ಲಿ ಇಂಗ್ಲಿಷ್ ಬಾರದವರಿದ್ದಾರೆ, ಕನ್ನಡ ಬಾರದವರಿದ್ದಾರೆ, ಎರಡೂ ಬಾರದೆ ಹಿರಿಯ ವಕೀಲರೆನಿಸಿಕೊಂಡವರೂ ಇದ್ದಾರೆ. ಎಲ್ಲರ ಮಾನ ಉಳಿಸಿದವರು ರುದ್ರಮ್ಮ. ನನ್ನ ಮಾನವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾನು ಶಿವರಾಜು, ಅದೇ ಕೋರ್ಟಿನ ವಕೀಲ.

ಅವರಿಗೊಂದು ಅಭ್ಯಾಸ. ನಂಜನಗೂಡಿನ ಟೈಪಿಂಗ್ ಶಾಲೆಯಲ್ಲಿ ದೊಡ್ಡಸಿದ್ದಯ್ಯ ಮೇಷ್ಟ್ರು ಕಲಿಸಿದ್ದು. ಯಾವ ಕಾಗದವಾದರೂ ಸರಿ, ಕೊನೆಯಲ್ಲಿ ಎಡಗಡೆ ಮೂಲೆಗೆ, ಹೇಳಿ ಬರೆಸಿದವರ ಅಕ್ಷರ, ಒಂದು ಓರೆಗೆರೆ, ಟೈಪ್ ಮಾಡಿದವರ ಅಕ್ಷರ. ನಾನು ಹೇಳಿ ಬರೆಸಿದ್ದಾದರೆ ‘ಶಿ/ರು’. ಮರೆತರೆ ಮೇಷ್ಟ್ರು ಅಡಿಪಟ್ಟಿಯಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದರಂತೆ. ಮೇಷ್ಟ್ರು ತೀರಿಕೊಂಡರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಅಭ್ಯಾಸ ಮಾತ್ರ ಹೋಗಲಿಲ್ಲ. ನಮಗ್ಯಾರಿಗೂ ಆ ಅಕ್ಷರಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಸರ್ಕಾರಿ ವಕೀಲ ಬದರೀನಾರಾಯಣರ ಕಣ್ಣಿಗೂ ಬಿದ್ದಿರಲಿಲ್ಲ.

ಬದರೀನಾರಾಯಣರು ಸೋಸಲೆಯವರು. ಯಾರಿಗೂ ಏಕವಚನ ಆಡಿದವರಲ್ಲ. ಸುತ್ತಲಿನ ಠಾಣೆಗಳವರು ಕಾನೂನು ಕೇಳಲು ಅವರ ಹತ್ತಿರವೇ ಬರಬೇಕು. ಅವರು ಸ್ವಂತ ಕೈಯಲ್ಲಿ ಒಂದು ಸಾಲೂ ಬರೆಯುತ್ತಿರಲಿಲ್ಲ. ರುದ್ರಮ್ಮನವರ ಮಳಿಗೆಗೆ ಬಂದು, ನಿಂತುಕೊಂಡೇ ಹೇಳಿ, ಟೈಪಾದ ಹಾಳೆಯನ್ನು ಸಹಿ ಹಾಕದೆ ಇನ್ಸ್‌ಪೆಕ್ಟರ ಕೈಗೆ ಕೊಟ್ಟು ಕಳಿಸುವರು. ಸಹಿಯಿಲ್ಲದ ಕಾಗದಕ್ಕೆ ವಾರಸುದಾರರಿಲ್ಲ ಎಂಬ ಧೈರ್ಯ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾವು ಅವರಿಗೆ ನಮಸ್ಕಾರ ಹೊಡೆದುಕೊಂಡು ಓಡಾಡಿದೆವು.

ಹಾಗಂತ ಅವರು ಕೆಟ್ಟವರು ಅಂತ ರುದ್ರಮ್ಮನ ಎದುರು ಹೇಳುವಂತಿರಲಿಲ್ಲ. ಆರು ವರ್ಷದ ಹಿಂದೆ ಆ ಸಾಲಿನ ಮಳಿಗೆಗಳನ್ನೆಲ್ಲ ಎತ್ತಿಸಲು ನೋಟಿಸು ಬಂದಾಗ, ಮೇಲಿನವರ ಹತ್ತಿರ ಓಡಾಡಿ ಉಳಿಸಿದವರು ಬದರೀನಾರಾಯಣರೇ. ಗಂಡ ಹೋದ ಮೇಲೆ ಮಗಳು ಶ್ವೇತಳನ್ನು ಓದಿಸಿದ್ದು ಆ ಎಂಟಡಿ ಜಾಗ.

ಕಳೆದ ವರ್ಷ ಒಂದು ಬೆಳಗ್ಗೆ ಚನ್ನಾಜಮ್ಮ ಎಂಬ ಮುದುಕಿ ಆ ಮಳಿಗೆಗೆ ಬಂದರು. ಬನ್ನೂರು ಕಡೆಯವರು. ಮಗನಿಗೆ ಅಂಗವಿಕಲರ ಮಾಸಾಶನದ ಅರ್ಜಿ ಟೈಪ್ ಮಾಡಿಸಬೇಕಿತ್ತು.

“ಮಗನಿಗೆ ಏನಾಯ್ತಮ್ಮ?” ಎಂದು ರುದ್ರಮ್ಮ ಕೇಳಿದರು.

“ಓಡೋಗಾಗ ಬಿದ್ದ ಅಂತ ಪೊಲೀಸ್ನೋರು ಬರ್ಕೊಂಡವ್ರೆ ಕಣವ್ವ. ನನ್ ಮಗ ಬಿದ್ದಿಲ್ಲ. ಮೂರು ದಿನ ಕೂಡಾಕ್ಕಂಡು ಅಂಗಾಲಿಗೇ ವಡ್ದವ್ರೆ. ಈಗ ನೆಲಕ್ಕೆ ಕಾಲೂರಕ್ಕಾಗಕಿಲ್ಲ.”

“ಮಗನ ಹೆಸರು?”

“ಮಂಟೇಸ್ವಾಮಿ.”

ರುದ್ರಮ್ಮನ ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು. ಅದಕ್ಕೆ ಎರಡು ವರ್ಷ ಮೊದಲು ಒಂದು ಹಾಳೆಯಲ್ಲಿ ಆ ಹೆಸರನ್ನು ಅವರೇ ಟೈಪ್ ಮಾಡಿದ್ದರು.

ನಡೆದದ್ದಿಷ್ಟು. ಮಂಟೇಸ್ವಾಮಿ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಗಿರಣಿ ಮಾಲೀಕರ ಮನೆಯಲ್ಲಿ ಒಡವೆ ಕಾಣೆಯಾಯಿತು. ಇವನ ಮೇಲೆ ಅನುಮಾನ ಬಂತು. ಹಿಡಿದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಕಾನೂನು ಹೇಳುತ್ತದೆ. ಅದನ್ನು ದಾಟುವ ದಾರಿ ಹೇಳಿಕೊಟ್ಟದ್ದು ಆ ಹಾಳೆ: ಮಂಟೇಸ್ವಾಮಿ ಎಂಬುವನನ್ನು ವಿಚಾರಣೆಗೆ ಕರೆತಂದದ್ದನ್ನು ದಸ್ತಗಿರಿಯೆಂದು ತೋರಿಸಬೇಕಾಗಿಲ್ಲ; ದಸ್ತಗಿರಿಯನ್ನು ಗುರುವಾರ ತೋರಿಸತಕ್ಕದ್ದು; ಮೈಮೇಲಿನ ಗಾಯಗಳು ‘ದಿನಾಂಕ .......... ರಂದು ಬೆನ್ನಟ್ಟಿ ಹಿಡಿಯುವಾಗ ಬಿದ್ದು’ ಆದವೆಂದು ಬರೆಯತಕ್ಕದ್ದು. ಆ ಖಾಲಿ ಜಾಗದಲ್ಲಿ ಯಾರೋ ಪೆನ್ನಿನಿಂದ ಗುರುವಾರದ ತಾರೀಖು ತುಂಬಿದ್ದರು. ತಿಂಗಳ ಮೇಲೆ ಒಡವೆ ಮಾಲೀಕರ ಮೈದುನನ ಬೀರುವಿನಲ್ಲೇ ಸಿಕ್ಕಿತು.

ಚನ್ನಾಜಮ್ಮ ಬಿಡಲಿಲ್ಲ. ಮೂರು ಕಚೇರಿ ಅಲೆದು, ಬೈಸಿಕೊಂಡು, ಕೊನೆಗೆ ನಿವೃತ್ತ ನ್ಯಾಯಾಧೀಶರೊಬ್ಬರಿಂದ ವಿಚಾರಣೆ ಹಾಕಿಸಿದರು. ಅಲ್ಲಿ ಇನ್ಸ್‌ಪೆಕ್ಟರು ತಮ್ಮ ತಲೆ ತಪ್ಪಿಸಿಕೊಳ್ಳಲು ಆ ಹಾಳೆ ಹಾಜರುಪಡಿಸಿದರು, ‘ಸರ್ಕಾರಿ ವಕೀಲರು ಹೇಳಿದಂತೆ ಮಾಡಿದೆವು’ ಅಂತ. ನನ್ನದಲ್ಲ, ಸಹಿ ಎಲ್ಲಿದೆ ಎಂದರು ಬದರೀನಾರಾಯಣರು. ನ್ಯಾಯಾಧೀಶರು ಕನ್ನಡಕ ಏರಿಸಿ ಹಾಳೆಯ ಮೂಲೆ ನೋಡಿ, ‘ಬ/ರು’ ಎಂದರೇನು ಎಂದು ಕೇಳಿದರು. ರುದ್ರಮ್ಮನಿಗೆ ಸಮನ್ಸು ಬಂತು. ಹಳೆಯ ಕಂಪ್ಯೂಟರ್ ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಉಳಿದದ್ದು ಅವರ ಬಾಯಿಮಾತು ಒಂದೇ.

ವಿಚಾರಣೆಯ ಹಿಂದಿನ ಸಾಯಂಕಾಲ ನಾನು ಮಳಿಗೆಯಲ್ಲಿದ್ದೆ. ಬದರೀನಾರಾಯಣರು ಬಂದು, ಎಂದೂ ಕೂರದವರು ಸ್ಟೂಲ್ ಎಳೆದುಕೊಂಡು ಕೂತರು.

“ನಾಳೆ ನಂಜನಗೂಡಿಗೆ ಹೋಗ್ತಿದ್ದೀರಂತೆ ರುದ್ರಮ್ಮ.”

“ಹೂಂ ಸಾ. ಕರ್ದವ್ರೆ.”

“ಸುಳ್ಳೇನೂ ಹೇಳಬೇಡಿ. ದಿನಕ್ಕೆ ಐವತ್ತು ಕಾಗದ ಮಾಡ್ತೀನಿ, ಯಾವುದು ಯಾರದು ನೆನಪಿರೋಲ್ಲ ಅನ್ನಿ. ಅದು ನಿಜಾನೇ ತಾನೆ?”

ರುದ್ರಮ್ಮ ಹಾಳೆಗಳನ್ನು ಜೋಡಿಸುತ್ತಿದ್ದರು. ಅಂಚು ಸರಿಯಾಗಿದ್ದರೂ ಮತ್ತೆ ಮತ್ತೆ ಮೇಜಿಗೆ ಕುಟ್ಟುತ್ತಿದ್ದರು.

“ನಾನು ಯಾರ ಮೈಯನ್ನೂ ಮುಟ್ಟಿದವನಲ್ಲಮ್ಮ. ಕಾನೂನು ಕೇಳಿದ್ರು, ಹೇಳಿದೆ. ಸಲಹೆ ಕೊಟ್ಟವನೇ ಹೊಣೆ ಅನ್ನೋದಾದ್ರೆ ನಾಳೆ ಸರ್ಕಾರಕ್ಕೆ ಯಾವ ವಕೀಲ ಬಾಯಿ ಬಿಡ್ತಾನೆ? ಏನಂತೀರಿ ಶಿವರಾಜು?”

ನನಗೆ ಮೈ ಉರಿಯಿತು. ಲಾಠಿ ಎತ್ತಿದವನಿಗೆ ‘ಹೆದರಬೇಡ, ದಾಖಲೆ ನಾನು ನೋಡಿಕೊಳ್ಳುತ್ತೇನೆ’ ಎಂದವನು ಹೊಡೆದ ಕೋಣೆಯಲ್ಲಿ ಇರಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹೀಗೆಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಬಂದದ್ದು “ಅದೂ ಸರಿಯೇ ಸಾರ್” ಅಂತ. ನನ್ನ ಯೋಗ್ಯತೆ ಅಷ್ಟು.

ಅವರು ಎದ್ದರು. “ಹೇಳಿದವನು ಹೊಣೆ ಆದ್ರೆ ಟೈಪ್ ಮಾಡಿದವರೂ ಹೊಣೆ. ಅಲ್ಲಿರೋದು ಎರಡು ಅಕ್ಷರ. ಶ್ವೇತಳಿಗೆ ಸರ್ಕಾರಿ ಕೆಲಸದ ಆರ್ಡರ್ ಬರೋ ಸಮಯ ಬೇರೆ.” ಇಷ್ಟು ಹೇಳಿ, ಎಂದಿನಂತೆ ಕೈ ಮುಗಿದು ಹೋದರು.

“ಈ ಜಾಗ ಉಳ್ಸಿಕೊಟ್ಟೋರು ಕಣಪ್ಪ,” ಎಂದು ರುದ್ರಮ್ಮ ಶಟರ್ ಎಳೆದರು. “ಅವ್ರ ಮಕ ನೋಡ್ಕಂಡು ಎಂಗೆ ಯೋಳ್ಲಿ?”

ಮಾರನೆಯ ದಿನ ನಂಜನಗೂಡಿನ ಬಸ್ಸಿನಲ್ಲಿ ಅವರ ಪಕ್ಕ ನಾನೂ ಇದ್ದೆ.  ಇಳಿದು ನಡೆಯುವಾಗ ಒಂದು ಮೊಬೈಲ್ ಅಂಗಡಿ ತೋರಿಸಿ, “ಮೇಷ್ಟ್ರ ಶಾಲೆ ಇಲ್ಲೇ ಇದ್ದದ್ದು” ಎಂದರು.  ಅವರ ಬ್ಯಾಗನ್ನು ನಾನು ತೆಗೆದುಕೊಂಡೆ.

ವಿಚಾರಣೆ ಪ್ರವಾಸಿ ಮಂದಿರದ ಹಾಲಿನಲ್ಲಿ. ಬದರೀನಾರಾಯಣರು ಮುಂದಿನ ಸಾಲಿನಲ್ಲಿ. ಹಿಂದೆ, ಬಾಗಿಲ ಹತ್ತಿರ, ಊರುಗೋಲು ಗೋಡೆಗೆ ಆನಿಸಿ ಮಂಟೇಸ್ವಾಮಿ, ಪಕ್ಕದಲ್ಲಿ ತಾಯಿ. ನ್ಯಾಯಾಧೀಶರು ಹಾಳೆ ತೋರಿಸಿ, ಇದನ್ನು ಹೇಳಿ ಬರೆಸಿದವರು ಯಾರು ಎಂದು ಕೇಳಿದರು. ರುದ್ರಮ್ಮ ನೀರು ಕೇಳಿ ಕುಡಿದರು. ಲೋಟ ಕೆಳಗಿಟ್ಟರು.

“ಬದರೀನಾರಾಯಣ ಸಾಹೇಬ್ರು ಸಾ.”

ಬದರೀನಾರಾಯಣರ ವಕೀಲ ಗಲಿಬಿಲಿಗೊಳ್ಳಲಿಲ್ಲ. ತಕ್ಷಣ ಪಟ್ಟು ಬದಲಿಸಿದ. ಆಯಿತು, ಹೇಳಿ ಬರೆಸಿದರು ಅಂತಲೇ ಇಟ್ಟುಕೊಳ್ಳೋಣ. ಹಾಳೆಗೆ ತಾರೀಖಿಲ್ಲ. ಆರೋಪಿ ಬಿದ್ದು ಗಾಯವಾಗಿದೆ ಎಂದು ಪೊಲೀಸರು ಬಂದು ತಿಳಿಸಿದರು, ಅದನ್ನು ನಂಬಿ ನಮ್ಮ ಕಕ್ಷಿದಾರರು ಕಾನೂನು ಹೇಳಿದರು. ಬಿದ್ದ ದಿನ ತಿಳಿಯದ್ದರಿಂದ ಜಾಗ ಖಾಲಿ. ನಂಬಿ ಸಲಹೆ ಕೊಟ್ಟದ್ದು ತಪ್ಪೇ?

ಒಳ್ಳೆಯ ವಾದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಬದರೀನಾರಾಯಣರ ಭುಜ ಸ್ವಲ್ಪ ಸಡಿಲವಾದದ್ದು ನನಗೆ ಹಿಂದಿನಿಂದಲೇ ಕಂಡಿತು.

“ಗಾಯ ಆದ ಮೇಲೆ ತಾನೆ ಇದನ್ನ ಟೈಪ್ ಮಾಡಿದ್ದು?” ಎಂದು ಆತ ಕೇಳಿದ.

“ಇಲ್ಲ ಸಾ.” ರುದ್ರಮ್ಮ ಈಗ ಬದರೀನಾರಾಯಣರನ್ನೇ ನೋಡುತ್ತಿದ್ದರು. “ಸೋಮವಾರ ಟೈಪ್ ಮಾಡಿದ್ದು. ಆ ಸಾಲು ಬಂದಾಗ ನಾನೇ ಕೇಳ್ದೆ, ‘ಗಾಯ ಆಗಿದ್ದು ಯಾವತ್ತು ಸಾ, ತಾರೀಖು ಯೋಳಿ’ ಅಂತ. ‘ಇನ್ನೂ ಆಗಿಲ್ಲ, ಜಾಗ ಬಿಡಿ’ ಅಂದ್ರು.”

 ಈ ಮಾತನ್ನು ಅವರು ನನಗೂ ಹೇಳಿರಲಿಲ್ಲ.

“ನೀವೇನು ಮಾಡಿದಿರಿ?” ಈ ಸಲ ಕೇಳಿದ್ದು ನ್ಯಾಯಾಧೀಶರು.

“ಬಿಟ್ಟೆ ಸಾ. ಹತ್ತು ಚುಕ್ಕಿ ಹಾಕಿ ಜಾಗ ಬಿಟ್ಟೆ.”

“ಹಾಗಾದರೆ ನಿಮಗೂ ಗೊತ್ತಿತ್ತು!” ವಕೀಲ ಎದ್ದು ನಿಂತ. “ನೀವೂ ಪಾಲುದಾರರೇ!”

“ಹೂಂ ಸಾ. ಎರಡನೇ ಅಕ್ಷರ ನಂದೇ. ಅಳಿಸ್ಬೇಡಿ.”

ಬದರೀನಾರಾಯಣರು ತಲೆ ತಗ್ಗಿಸಿ ತಮ್ಮ ಅಂಗೈ ನೋಡುತ್ತಾ ಕೂತರು. ವಿಚಾರಣೆಯ ವರದಿ ಸರ್ಕಾರದ ಮುಂದೆ ಇನ್ನೂ ಇದೆ, ಶ್ವೇತಳ ಆರ್ಡರ್ ಬಂದಿಲ್ಲ. ಹೇಳಿ ಬರೆಸಿದವರು ಹೊಣೆಯೋ ಅಲ್ಲವೋ ಎಂದು ದೊಡ್ಡವರು ತೀರ್ಮಾನಿಸುತ್ತಾರಂತೆ. ನನಗಂತೂ ಆ ಹಾಲಿನಲ್ಲೇ ತೀರ್ಮಾನವಾಗಿ ಹೋಯಿತು. ಇಂಥ ‘ಬಿದ್ದ’ ಸಾಲುಗಳನ್ನು ಎಷ್ಟೋ ಅರ್ಜಿಗಳಲ್ಲಿ ಓದಿ ಪುಟ ತಿರುಗಿಸಿದ ನನ್ನ ಹೊಣೆಯೂ ಸೇರಿದಂತೆ.

ಹೊರಗೆ ಮೆಟ್ಟಿಲ ಹತ್ತಿರ ರುದ್ರಮ್ಮ ಚನ್ನಾಜಮ್ಮನ ಕೈ ಹಿಡಿದುಕೊಳ್ಳಲು ಹೋದರು. ಮುದುಕಿ ಕೈ ಕೊಡಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಮಂಟೇಸ್ವಾಮಿ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಏನನ್ನೋ ಲೆಕ್ಕ ಹಾಕುತ್ತಿದ್ದವನಂತೆ ಕೇಳಿದ:

“ಸೋಮವಾರ ಎಷ್ಟೊತ್ನಲ್ಲಿ ಟೈಪ್ ಮಾಡಿದ್ದವ್ವ?”

“ಊಟಕ್ಕೆ ಮುಂಚೆ ಕಣಪ್ಪ. ಹನ್ನೆರಡೂವರೆ ಇರ್ಬೋದು.”

“ನನ್ನ ಜೀಪಿಗೆ ಅತ್ತಿಸ್ಕಂಡಿದ್ದು ಅವತ್ತು ನಾಕು ಗಂಟೆಗೆ,” ಎಂದ ಮಂಟೇಸ್ವಾಮಿ. “ಅಲ್ಲೀಗಂಟ ನಾನು ಗಿರಣೀಲಿ ಮೂಟೆ ಒರ್ತಾ ಇದ್ದೆ.”