ಇಲ್ಲದ ಅಣ್ಣ ಕಳಿಸಿದ ಸೀರೆ

ಆ ಶ್ರಾವಣದಲ್ಲಿ ನನ್ನ ಅಕ್ಕ ಮೊಬೈಲಿನಲ್ಲಿ ತನಗೆ ತಾನೇ ಒಂದು ಸೀರೆ ತರಿಸಿಕೊಂಡು, ಅದನ್ನು ಅಣ್ಣ ಕಳಿಸಿದ್ದೆಂದು ಓಣಿಯವರಿಗೆ ಹೇಳಿದಳು. ನಮಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಸಿಂಧನೂರಿನ ನಮ್ಮ ಮನೆಯಲ್ಲಿ ಹುಟ್ಟಿದವರು ನಾವಿಬ್ಬರೇ ಹೆಣ್ಣುಮಕ್ಕಳು. ಈ ಒಂದು ಸುಳ್ಳಿಗೆ ಅಕ್ಕನ ಎಡಗಿವಿಯ ತಮಟೆ ಹರಿಯಿತು.

ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಉಂಡಿಯ ಡಬ್ಬಿ ಹಿಡಿದುಕೊಂಡು ಬಂದು ಕರೆಯಬೇಕು. ಕರೆದರೆ ಗಂಡನ ಮನೆಯವರು ಕಳಿಸಲೇಬೇಕು. ವರ್ಷವಿಡೀ ಹೆಂಡತಿಯನ್ನು ಹೊಸ್ತಿಲು ದಾಟಲು ಬಿಡದವನೂ ಆ ದಿನ ಬಾಯಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನ ತನಕ ಚೀಲ ಹೊರುತ್ತಾನೆ. ಕರೆಯಲು ಯಾರೂ ಬಾರದವಳು ಮಾತ್ರ ಬಾಗಿಲಲ್ಲಿ ನಿಂತು, ಓಣಿಯ ಹೆಣ್ಣುಮಕ್ಕಳೆಲ್ಲ ಹೊರಡುವುದನ್ನು ನೋಡಬೇಕು. ಅಕ್ಕನನ್ನು ಮಸ್ಕಿಗೆ ಕೊಟ್ಟ ಮೊದಲೆರಡು ವರ್ಷ ನಮ್ಮ ದೊಡ್ಡಪ್ಪನ ಮಗ ಹೋಗಿ ಕರೆತಂದ. ಆಮೇಲೆ ಅವನಿಗೆ ತನ್ನ ಸ್ವಂತ ತಂಗಿಯರನ್ನು ಕರೆಯುವುದರಲ್ಲೇ ಸಾಕಾಯಿತು. ಅಪ್ಪ ಆಗಲೇ ತೀರಿಹೋಗಿದ್ದ.

ಅಕ್ಕನ ಗಂಡನಿಗೆ ಮಸ್ಕಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ಅವನನ್ನು ನಾನು ಮಾವ ಎನ್ನುತ್ತಿದ್ದೆ. ಈಗ ಆ ಶಬ್ದಕ್ಕೆ ನಾಲಿಗೆ ಏಳುವುದಿಲ್ಲ, ಅವನು ಎಂದಷ್ಟೇ ಬರೆಯುತ್ತೇನೆ. ಅವನು ಹೊಡೆಯುತ್ತಾನೆಂದು ನಮಗೆ ಗೊತ್ತಿತ್ತು. ಎಷ್ಟು ಹೊಡೆಯುತ್ತಾನೆಂದು ಅಕ್ಕ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ. ಕೇಳಿದರೆ, "ಬಾಗಲಾ ಬಡೀತಬೇ" ಎಂದು ನಗುತ್ತಿದ್ದಳು. ಅವಳ ಮನೆಯ ಬಾಗಿಲು ಅವಳ ಬೆನ್ನನ್ನೂ ಹುಡುಕಿಕೊಂಡು ಬಂದು ಬಡಿಯುತ್ತಿತ್ತು.

ಈಗೀಗ ಅಣ್ಣಂದಿರು ಜಾಣರಾಗಿದ್ದಾರೆ. ಶ್ರಾವಣ ಹತ್ತಿರವಾದಂತೆ ಮೊಬೈಲಿನಲ್ಲಿ ಹಬ್ಬದ ಆಫರ್‌ಗಳು ಸುರಿಯತೊಡಗುತ್ತವೆ. ತಂಗಿಗೆ ಒಂದು ಸೀರೆ ಒತ್ತಿ ಕಳಿಸಿ, ಆಮೇಲೆ ಒಂದು ದಿನ ಸಾವಕಾಶ ಕರೆಯಲು ಬರುತ್ತಾರೆ. ಲಿಂಗಸೂಗೂರಿನ ಕಡೆಯಿಂದ ಡೆಲಿವರಿ ಬೈಕು ಬಂದರೆ ಅಕ್ಕನ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಸೇರುತ್ತಿದ್ದರು. ಎಲ್ಲರ ಎದುರಿಗೇ ಪಾರ್ಸಲ್ ಒಡೆಯುವುದು, ಸೆರಗು ಬಿಚ್ಚಿ ತೋರಿಸುವುದು, "ನಮ್ಮಣ್ಣ ಕಳಿಸ್ಯಾನ" ಎಂದು ಗತ್ತಿನಿಂದ ಹೇಳುವುದು. ಅದೊಂದು ಹೊಸ ಆಟವೇ ಆಗಿತ್ತು. ಅಕ್ಕ ಎಷ್ಟೋ ವರ್ಷ ಬೇರೆಯವರ ಸೆರಗನ್ನು ಮುಟ್ಟಿ ನೋಡಿ, ಬಣ್ಣ ಚಂದ ಅದ ಎಂದು ಹೇಳಿ ಒಳಗೆ ಹೋಗಿದ್ದಳು.

ಆ ವರ್ಷ ಓಣಿಯವರ ಜಂಪರ್ ಹೊಲಿದು ಉಳಿಸಿದ ದುಡ್ಡಿನಲ್ಲಿ ತಾನೇ ಒಂದು ಸೀರೆ ತರಿಸಿದಳು. ಫೋಟೋದಲ್ಲಿ ದಾಳಿಂಬೆ ಬಣ್ಣದ ಇಳಕಲ್ ಸೀರೆ ಇತ್ತಂತೆ. ಬಂದದ್ದು ಬದನೆಕಾಯಿ ಬಣ್ಣದ, ಬೆಳಕಿಗೆ ಹಿಡಿದರೆ ಆಚೆ ಕಾಣುವ ಎಂಥದೋ ನೈಲಾನು. ಆದರೂ ಅದನ್ನು ಮೈಮೇಲೆ ಹೊದ್ದುಕೊಂಡು ಅಕ್ಕ ಕಟ್ಟೆಯ ಮೇಲೆ ಹೇಳಿಯೇಬಿಟ್ಟಳು: "ನಮ್ಮಣ್ಣ ಕಳಿಸ್ಯಾನ್ರೀ. ಭಾಳ ದೂರ ಇರ್ತಾನ, ಬರಾಕ ಆಗಂಗಿಲ್ಲ."

ಓಣಿಯ ಮಾತು ಓಣಿಯಲ್ಲಿ ನಿಲ್ಲುವುದಿಲ್ಲ. ಅವತ್ತು ಸಂಜೆ ಲಿಂಗಸೂಗೂರು ರಸ್ತೆಯ ಬಯಲಿನಲ್ಲಿ ಗಂಡಸರು ಪಂಚಮಿಯ ಪಂದ್ಯ ಕಟ್ಟಿ ನಿಂಬೆಹಣ್ಣು ಎಸೆಯುತ್ತಿದ್ದರು. ಇಷ್ಟು ಎಸೆತದಲ್ಲಿ ಇಂಥ ಗಿಡ ಮುಟ್ಟಿಸಬೇಕು ಎಂಬ ಆಟ ಅದು. ಅವನು ತೋಳು ಬೀಸಿ ಎಸೆಯಲು ನಿಂತಾಗ ಹಿಂದಿನಿಂದ ಯಾರೋ ಛೇಡಿಸಿದರಂತೆ: "ನಿನ್ನ ಹೇಣ್ತಿಗೆ ಹೊಸಾ ಅಣ್ಣ ಹುಟ್ಯಾನಂತಲ್ಲೋ! ಸೀರಿನೂ ಕಳಸ್ಯಾನಂತ!" ಗಂಡಸರೆಲ್ಲ ಹೋ ಎಂದು ನಕ್ಕರಂತೆ. ಅವನ ಹಣ್ಣು ಗಿಡದ ಹತ್ತಿರಕ್ಕೂ ಹೋಗಲಿಲ್ಲ.

ಅದೇ ಸಂಜೆ ಸಿಂಧನೂರಿನಲ್ಲಿ ನಾನೂ ಅವ್ವನೂ ಟಿವಿ ಎದುರು ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೆವು. ನಾನು ಹೈಸ್ಕೂಲು ಟೀಚರ್, ಹಬ್ಬದ ರಜೆ ಸಿಕ್ಕಿತ್ತು. ಹಾಡಿನ ಸ್ಪರ್ಧೆಯ ಫೈನಲ್ ನಡೆದಿತ್ತು. ನಮ್ಮ ಕಡೆಯ ಹುಡುಗಿಯೊಬ್ಬಳು ತವರಿನ ಮೇಲೆ ಒಂದು ಹಾಡು ಹಾಡಿದಳು. ತೀರ್ಪುಗಾರರು ಎದ್ದು ನಿಂತು ಕಣ್ಣೊರೆಸಿಕೊಂಡರು, ಬಣ್ಣದ ಕಾಗದದ ಚೂರುಗಳು ಮೇಲಿನಿಂದ ಸುರಿದವು. ಅವ್ವ ಬೆಲ್ಲದ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಅಂಟು ಮಾಡಿಕೊಂಡಳು. ನಾನೂ ಅತ್ತೆ. ಆ ಹುಡುಗಿಗೆ ಮೊಬೈಲಿನಲ್ಲಿ ವೋಟು ಒತ್ತಿ, ಏನೋ ದೊಡ್ಡ ಪುಣ್ಯ ಮಾಡಿದವಳಂತೆ ಕೂತೆ.

ಮಸ್ಕಿಯಲ್ಲೂ ಅದೇ ಫೈನಲ್ ಹಚ್ಚಿದ್ದರು. ಅದೇ ಹಾಡು, ಅದೇ ಚಪ್ಪಾಳೆ. ಅವನು ಬಂದವನೇ ಅಂಗಡಿಯಿಂದ ತಂದಿದ್ದ ಮೋಟಾರಿನ ಬೆಲ್ಟು ಕೈಗೆ ತೆಗೆದುಕೊಂಡ. "ಯಾವನಲೇ ಅಂವ ಅಣ್ಣ? ಹೆಸರು ಹೇಳು" ಎಂದು ಕೇಳುತ್ತ ಹೊಡೆದ. ಹೆಸರು ಎಲ್ಲಿಂದ ಹೇಳಬೇಕು? ನಾನೇ ತರಿಸಿಕೊಂಡೆ ಎಂದು ಅವಳು ನಿಜ ಹೇಳಿದರೆ, ಸುಳ್ಳು ಎಂದು ಮತ್ತೆ ಹೊಡೆದ. ಬೆಲ್ಟಿನ ಗುರುತು ಕುತ್ತಿಗೆಯಿಂದ ಸೊಂಟದ ತನಕ ಮೂಡಿತು. ಕೊನೆಗೆ ಕಪಾಳಕ್ಕೆ ಬಿಟ್ಟ ಏಟಿಗೆ ಎಡಗಿವಿಯಿಂದ ರಕ್ತ ಇಳಿಯಿತು. ಅವಳು ಬಿದ್ದ ಮೇಲೆ ಅವಳದೇ ಹೊಲಿಗೆ ಮಷಿನ್ನಿನ ಕತ್ತರಿ ತೆಗೆದುಕೊಂಡು, ಅವಳ ಕಣ್ಣೆದುರಿಗೆ ಆ ಸೀರೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿದ. ಅವನ ತಾಯಿ ಅಲ್ಲೇ ಕೂತಿದ್ದಳು. ಬಿಡಿಸಲು ಏಳಲಿಲ್ಲ. ರಿಮೋಟು ತೆಗೆದುಕೊಂಡು ಟಿವಿಯ ಸೌಂಡು ಏರಿಸಿ, "ಚೀರಬ್ಯಾಡಲೇ, ಮಂದಿ ಕೇಳ್ತಾರ" ಎಂದಳು.

ಇದನ್ನೆಲ್ಲ ಅಕ್ಕ ಆಮೇಲೆ ಹೇಳಿದ್ದು. ನನಗೆ ಮೊದಲು ಸುದ್ದಿ ಮುಟ್ಟಿಸಿದವಳು ಅವರ ಪಕ್ಕದ ಮನೆಯ ಹೆಂಗಸು. ಬೆಳಗ್ಗೆ ಫೋನು ಮಾಡಿ ಪಿಸುದನಿಯಲ್ಲಿ ಮಾತಾಡಿದಳು.

"ಟೀಚರ್ರ, ಲಗೂ ಬರ್ರೀ. ನಿನ್ನಿ ಚೀರೋದು ಕೇಳಿಸಿತ್ರಿ. ನಾವು ಟಿವಿಯಾಗಿಂದು ಅನ್ಕೊಂಡ್ವಿ. ಫೈನಲ್ ಇತ್ತಲ್ರೀ, ಸೌಂಡ್ ಭಾಳ ಇಟ್ಟಿದ್ರು. ಮುಂಜಾನಿ ನಿಮ್ಮಕ್ಕ ನೀರಿಗೆ ಬಂದಾಗ ಮಾರಿ ನೋಡಿದೆ. ಅಯ್ಯಯ್ಯೋ, ಆ ಮಾರಿ ನೋಡಾಕ ಆಗವಲ್ದ್ರೀ."

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದು. ಆವತ್ತು ನೆತ್ತಿಗೇರಿತು. ಅವ್ವ, "ದೊಡ್ಡಪ್ಪನ ಮಗಗ ಫೋನ್ ಮಾಡು, ಅಂವ ಹೋಗಲಿ. ಗಂಡಸರ ಮುಂದ ಗಂಡಸರ ಮಾತಾಡಬೇಕು" ಎಂದು ಕೈ ಹಿಡಿದಳು. ನಾನು ಹಿಂದಿನ ದಿನ ಕಟ್ಟಿದ್ದ ಉಂಡಿಗಳನ್ನೆಲ್ಲ ದೊಡ್ಡ ಸ್ಟೀಲಿನ ಡಬ್ಬಿಗೆ ತುಂಬಿದೆ.

"ಎಲ್ಲಿಗೆ ಹೊಂಟೀಯಬೇ?" ಎಂದಳು ಅವ್ವ.

"ಪಂಚಮಿಗೆ ಅಕ್ಕನ್ನ ಕರೆಯಾಕ."

ಹೆಣ್ಣು ಹೋಗಿ ಹೆಣ್ಣನ್ನು ಕರೆದದ್ದನ್ನು ಅವ್ವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಮಸ್ಕಿ ಬಸ್ಸಿನಲ್ಲಿ ಅವತ್ತು ತಂಗಿಯರನ್ನು ಕರೆಯಲು ಹೊರಟ ಗಂಡಸರೇ ತುಂಬಿದ್ದರು. ಎಲ್ಲರ ತೊಡೆಯ ಮೇಲೂ ಡಬ್ಬಿ. ನಾನೂ ನನ್ನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಚ್ಚಿ ಕೂತೆ.

ಅಕ್ಕನ ಮನೆಯ ಬಾಗಿಲಿಗೆ ಹೋಗಿ ನಿಂತವಳು ಒಳಗೆ ಹೋಗಲಿಲ್ಲ. ಓಣಿಗೆಲ್ಲ ಕೇಳುವಂತೆ, ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಮುಟ್ಟಿಸುವ ದನಿಯಲ್ಲಿ ಕೂಗಿದೆ: "ಪಂಚಮಿ ಹಬ್ಬಕ್ಕ ನಮ್ಮನಿ ಮಗಳನ್ನ ಕರೆಯಾಕ ಬಂದೀನ್ರೀ! ಉಂಡಿ ತಗೊಂಡು ಕಳಸಿಕೊಡ್ರೀ!"

ಅಕ್ಕ ಹೊರಗೆ ಬಂದಳು. ಮುಖದ ಒಂದು ಕಡೆ ಊದಿ ಕಣ್ಣು ಮುಚ್ಚಿಹೋಗಿತ್ತು. ಕಿವಿಯಲ್ಲಿ ಹತ್ತಿ ತುರುಕಿದ್ದಳು. ನಾನು ಮಾತಾಡಿಸಿದರೆ ಇನ್ನೊಂದು ಕಿವಿಯನ್ನು ನನ್ನ ಕಡೆ ತಿರುಗಿಸಿದಳು. ಅದನ್ನು ನೋಡಿ ಅವನನ್ನು ಕೊಲ್ಲಬೇಕು ಎಂದು ನನಗೆ ನಿಜವಾಗಿ ಅನ್ನಿಸಿತು. ಈಗಲೂ ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಅವನು ಬನಿಯನ್ನಿನಲ್ಲಿ ಬಂದು ಬಾಗಿಲಿಗೆ ಅಡ್ಡ ನಿಂತ. "ಕರೆಯಾಕ ಗಂಡಸರು ಬರ್ತಾರ. ನೀ ಯಾಕ ಬಂದಿ? ಎಲ್ಲದಾನ ನಿಮ್ಮ ಅಣ್ಣ? ಸೀರಿ ಕಳಿಸ್ಯಾನಲ್ಲ, ಅಂವನ್ನ ಕಳಸು" ಎಂದು ನಕ್ಕ.

"ನಾನ ಆಕಿ ಅಣ್ಣ. ದಾರಿ ಬಿಡು" ಎಂದೆ.

ಅವನು ನನ್ನ ಕೈಯಲ್ಲಿದ್ದ ಡಬ್ಬಿಗೆ ಝಾಡಿಸಿ ಒದ್ದ. ಮುಚ್ಚಳ ಹಾರಿ ಉಂಡಿಗಳೆಲ್ಲ ಗಟಾರದ ತನಕ ಉರುಳಿದವು. ಓಣಿಯವರು ಹೊಡೆತವನ್ನು ಎಷ್ಟೋ ಸಲ ಕೇಳಿ ಸುಮ್ಮನಿದ್ದವರು. ತವರಿನ ಉಂಡಿಗೆ ಕಾಲು ಹಾಕಿದ್ದನ್ನು ಮಾತ್ರ ಅವರೂ ಕಂಡಿರಲಿಲ್ಲ. "ಏ! ಏ! ಉಂಡಿ ಒದಿತೀಯೇನೋ?" ಎಂದು ಎದುರು ಮನೆಯ ಮುದುಕಿ ಚೀರಿದಳು. ನಾಲ್ಕೂ ಕಡೆಯಿಂದ ಹೆಂಗಸರು ಬಂದು ನಿಂತರು. ಅವನು ಅಕ್ಕನ ತುರುಬು ಹಿಡಿದು ಒಳಗೆ ಎಳೆಯತೊಡಗಿದ. ನಾನು ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಖಕ್ಕೆ ಬೀಸಿದೆ. ಮೂಗಿಗೆ ಬಿತ್ತು. ಮತ್ತೆ ಬೀಸಿದೆ. ಬನಿಯನ್ನು ಕೆಂಪಾಯಿತು, ಅವನ ಕೈ ಅಕ್ಕನ ತುರುಬನ್ನು ಬಿಟ್ಟಿತು. ಡಬ್ಬಿ ಬಡಿದ ಸಪ್ಪಳ ನನಗೆ ಹಿತವಾಗಿತ್ತು.

ಅವನ ತಾಯಿ ಒಳಗಿನಿಂದ ಬಂದು ಸುತ್ತಲೂ ನಿಂತ ಮಂದಿಯನ್ನು ನೋಡಿದಳು. "ಕಳಸಲೇ, ಮರ್ಯಾದಿ ಹೊಂಟದ" ಎಂದು ಮಗನಿಗೆ ಹೇಳಿದಳು. ಆಗಲೂ ಅವಳಿಗೆ ಸೊಸೆಯ ಮುಖ ಕಾಣಲಿಲ್ಲ.

ಅಕ್ಕ ಉಟ್ಟ ಸೀರೆಯಲ್ಲೇ ಹೊರಟಳು. ಸಿಂಧನೂರಿಗೆ ಬಂದು ನೆಟ್ಟಗೆ ದವಾಖಾನೆಗೆ ಹೋದೆವು. ಡಾಕ್ಟರು ಕಿವಿಯಲ್ಲಿ ಬೆಳಕು ಬಿಟ್ಟು ನೋಡಿ, ತಮಟೆ ಹರಿದಿದೆ, ಕೂಡಿದರೂ ಮೊದಲಿನಷ್ಟು ಕೇಳಿಸುವುದು ಕಷ್ಟ ಎಂದರು. ಹಬ್ಬ ಮುಗಿಯಲಿ ಎಂದು ಅವ್ವ ಬೇಡಿಕೊಂಡರೂ ಕೇಳದೆ ನಾನು ಠಾಣೆಗೆ ಹೋಗಿ ಕಂಪ್ಲೇಂಟು ಕೊಟ್ಟೆ. ಅಕ್ಕ ಜೊತೆಗೆ ಬಂದಳು, ಆದರೆ ಮನೆಗೆ ಬಂದ ಮೇಲೆ, "ಹಬ್ಬ ಮುಗದ ಮ್ಯಾಲೆ ಹೋಗಾಕ ಬೇಕಲ್ಲಬೇ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಅವಳನ್ನು ಕರೆತಂದಿದ್ದೆ ನಿಜ, ಅವಳು ಮಾತ್ರ ಇನ್ನೂ ಬಂದಿರಲಿಲ್ಲ.

ಮರುದಿನ ನಾಗರ ಚೌತಿ, ಪಂಚಮಿಯ ಹಿಂದಿನ ದಿನ. ನಮ್ಮ ಓಣಿಯ ಬೇವಿನ ಗಿಡದ ಕೆಳಗಿನ ನಾಗರಕಟ್ಟೆಗೆ ಹೆಂಗಸರೆಲ್ಲ ಹಾಲು, ಹುರಿದ ಜೋಳದ ಅಳ್ಳು, ಎಳ್ಳುಂಡಿ ತೆಗೆದುಕೊಂಡು ಸೇರಿದ್ದೆವು. ಕಲ್ಲಿನ ನಾಗಪ್ಪನಿಗೆ ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯುತ್ತ ಮನೆಯವರ ಒಬ್ಬೊಬ್ಬರ ಪಾಲು ಹೇಳುವುದು ನಮ್ಮ ಪದ್ಧತಿ. ಅಕ್ಕ ಹಿತ್ತಾಳೆ ತಂಬಿಗೆಯನ್ನು ಬದಿಗಿಟ್ಟು ಬಗ್ಗಿದಳು. "ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು" ಎಂದಳು. ಅಷ್ಟರಲ್ಲಿ ಹಿಂದೆ ಬೈಕು ನಿಂತಿತು.

ಮೂಗಿಗೆ ಪಟ್ಟಿ ಹಚ್ಚಿಕೊಂಡು ಅವನೇ ಬಂದಿದ್ದ. ಕಂಪ್ಲೇಂಟಿನ ಸುದ್ದಿ ಅವನಿಗೆ ಮುಟ್ಟಿತ್ತು. ಹೆಂಗಸರನ್ನು ಆಚೆ ಈಚೆ ನೂಕಿಕೊಂಡು ಬಂದು ಅಕ್ಕನ ರಟ್ಟೆ ಹಿಡಿದ. "ನಡಿ ಠಾಣೆಕ್ಕ. ಬಾಗಲಾ ಬಡೀತು ಅಂತ ಬರಕೊಡು. ಇಲ್ಲಂದ್ರ ಇನ್ನೊಂದು ಕಿವೀನೂ ಹೋಗ್ತದ" ಎಂದ. ಹಾಗೆ ಹೇಳಿದ್ದು ಅವಳ ಕೇಳುವ ಕಿವಿಯ ಹತ್ತಿರವೇ.

ನಾನು ಮುಂದೆ ನುಗ್ಗುವಷ್ಟರಲ್ಲಿ ಅಕ್ಕನ ಕೈ ತಂಬಿಗೆಗೆ ಹೋಗಿತ್ತು. ತಂಬಿಗೆ ಅವನ ಹಣೆಗೆ ಬಡಿದ ಸದ್ದು ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು. ಹಾಲು ಅವನ ಮುಖ, ಎದೆಯ ಮೇಲೆಲ್ಲ ಚೆಲ್ಲಿ ರಕ್ತದ ಜೊತೆ ಇಳಿಯಿತು. ಅವನು ಕುಸಿದು ಕೂತ. ಅಕ್ಕ ಇನ್ನೊಂದು ಹಾಕಿದಳು, ಮತ್ತೊಂದು ಹಾಕಿದಳು. ಅವಳು ಕಿರುಚುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಅವಳ ಮುಖ ನೋಡಿ ನಾನೇ ಹೆದರಿ ಕೈ ಹಿಡಿದುಕೊಂಡೆ. ಅವನು ಕೈಕಾಲು ಊರಿಕೊಂಡು ಎದ್ದು, ಬೈಕನ್ನೂ ಬಿಟ್ಟು ಓಡಿದ. ಓಣಿಯ ಹೆಂಗಸರು ಒಬ್ಬರೂ ಅವನಿಗೆ ನೀರು ಕೊಡಲಿಲ್ಲ.

ತಂಬಿಗೆಯ ತಳದಲ್ಲಿ ಸ್ವಲ್ಪ ಹಾಲು ಉಳಿದಿತ್ತು. ಅಕ್ಕ ಅದನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಮತ್ತೆ ನಾಗಪ್ಪನ ಎದುರು ಕೂತಳು. "ತಂಗಿ ಪಾಲು" ಎಂದು ನನ್ನ ಪಾಲು ಎರೆದಳು. ಮುಂದಿನದು ಗಂಡನ ಪಾಲು. ಅಕ್ಕ ಬಟ್ಟಲನ್ನು ಎತ್ತಿದಳು.

"ನನ್ನ ಪಾಲು."

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೆಲ್ಲಗೆ ಅವಳ ಭುಜ ಮುಟ್ಟಿದಳು. "ತನ್ನ ಪಾಲು ತಾನ ಎರೀಬಾರದವ್ವಾ. ಅದನ್ನ ಬ್ಯಾರೆದವ್ರು ಎರೀಬೇಕು."

ಅಕ್ಕ ತಲೆ ತಿರುಗಿಸಿ, ಕೇಳುವ ಕಿವಿಯನ್ನು ಅವಳ ಕಡೆ ಮಾಡಿ, ಇನ್ನೊಮ್ಮೆ ಹೇಳಿಸಿಕೊಂಡಳು. ಪೂರ್ತಿ ಕೇಳಿಸಿಕೊಂಡು, ಉಳಿದ ಹಾಲನ್ನೆಲ್ಲ ಒಮ್ಮೆಗೇ ಎರೆದುಬಿಟ್ಟಳು.